ಮಗುವಿನ ಸರದಿ: ಎಳೆಯ ಮಕ್ಕಳ ಮನೆಯವರಿಗೊಂದು ಬಹಿರಂಗ ಪತ್ರ

ಒಂದರಿಂದ ಮೂರು ವರ್ಷದೊಳಗಿನ ಮಕ್ಕಳನ್ನು ಸಾಕುತ್ತಿರುವ ತಾಯ್ತಂದೆಯರಿಗೆ, ಅಜ್ಜಿ-ತಾತಂದಿರಿಗೆ, ಹಗಲಿನಲ್ಲಿ ಆ ಮಕ್ಕಳ ಹೊಣೆ ಹೊತ್ತಿರುವ ಅಂಗನವಾಡಿ ಮತ್ತು ಕೂಸಿನ ಮನೆಗಳ ಆರೈಕೆದಾರರಿಗೆ,

ಹಳೆಯ ಕನ್ನಡ ‘ದಟ್ಟಡಿ’ ಎಂದು ಕರೆದ ತಡವರಿಕೆಯ ಹೆಜ್ಜೆಯಿಂದ ಹಿಡಿದು, ಶಾಲಾಪೂರ್ವ ಶಿಕ್ಷಣ ಆರಂಭವಾಗುವ ಮೂರನೆಯ ವರ್ಷದವರೆಗಿನ ಕಾಲದಲ್ಲಿ ಮಗು ನಡೆಯಲು, ಮಾತನಾಡಲು, ಇನ್ನೊಬ್ಬರ ಮನಸ್ಸನ್ನು ಊಹಿಸಲು ಕಲಿಯುತ್ತದೆ. ಇಷ್ಟಾದರೂ ಆ ಕಲಿಕೆಯ ಬಗ್ಗೆ ಮನೆಯವರಿಗೆ ತಿಳಿಹೇಳುವವರು ಕಡಿಮೆ. ಲಸಿಕೆ ಯಾವಾಗ, ತೂಕ ಎಷ್ಟಿರಬೇಕು ಎಂಬುದನ್ನು ತಾಯಿ ಕಾರ್ಡ್ ಮತ್ತು ಆಶಾ ಕಾರ್ಯಕರ್ತೆಯರು ಹೇಳುತ್ತಾರೆ. ಅಕ್ಷರ, ಅಂಕಿಗಳ ವಿಚಾರವನ್ನು ಮುಂದೆ ಶಾಲೆ ನೋಡಿಕೊಳ್ಳುತ್ತದೆ. ಇವೆರಡರ ನಡುವೆ ಬರಿದಾಗಿ ಉಳಿದ ಜಾಗವನ್ನು ಇಂದು ಚಿತ್ರದ ಕಾರ್ಡುಗಳು, ಬೆಲೆಬಾಳುವ ಆಟಿಕೆಯ ಪೆಟ್ಟಿಗೆಗಳು ಮತ್ತು ಮೊಬೈಲ್ ಫೋನು ತುಂಬುತ್ತಿವೆ. ಮಗು ಹಿಂದೆ ಬೀಳಬಾರದೆಂಬ ಕಳಕಳಿಯಿಂದಲೇ ಅನೇಕ ಮನೆಗಳು ಇವನ್ನು ಕೊಳ್ಳುತ್ತವೆ. ಆ ಕಳಕಳಿ ನ್ಯಾಯವಾದದ್ದು. ಆದರೆ ಈ ವಯಸ್ಸಿನ ಮಗುವಿಗೆ ಬೇಕಾಗಿರುವುದು ಅಂಗಡಿಯಲ್ಲಿ ಸಿಗುವಂಥದ್ದಲ್ಲ, ತನ್ನ ಸರದಿ ಬರುವವರೆಗೆ ಕಾದು ಕೂರುವ ಒಬ್ಬ ದೊಡ್ಡವರು ಎಂಬುದನ್ನು ಮನೆಯಲ್ಲೇ ಆಡಬಹುದಾದ ಕೆಲವು ಸರಳ ಆಟಗಳ ಮೂಲಕ ತೋರಿಸುವುದು ಈ ಪತ್ರದ ಉದ್ದೇಶ.

ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮತ್ತು ವಿಶ್ವ ಬ್ಯಾಂಕ್ ಸೇರಿ 2018ರಲ್ಲಿ ಎಳೆಯ ಮಕ್ಕಳ ಪೋಷಣೆಯ ಬಗ್ಗೆ ಒಂದು ಚೌಕಟ್ಟನ್ನು ಪ್ರಕಟಿಸಿದವು. ಅದು ಮಗುವಿನ ಬೆಳವಣಿಗೆಗೆ ಐದು ಆಧಾರಗಳನ್ನು ಹೆಸರಿಸುತ್ತದೆ: ಆರೋಗ್ಯ, ಪೌಷ್ಟಿಕ ಆಹಾರ, ಸುರಕ್ಷತೆ, ಎಳವೆಯ ಕಲಿಕೆ ಮತ್ತು ಸ್ಪಂದನಶೀಲ ಆರೈಕೆ. ಇವುಗಳಲ್ಲಿ ಕೊನೆಯದಕ್ಕೆ ಸ್ವಲ್ಪ ವಿವರಣೆ ಬೇಕು. ಮಗು ಕೈಚಾಚಿದಾಗ, ತೊದಲಿದಾಗ, ಒಂದು ವಸ್ತುವಿನತ್ತ ನೋಡಿದಾಗ, ದೊಡ್ಡವರು ಅದನ್ನು ಗಮನಿಸಿ, ಅದರ ಅರ್ಥವನ್ನು ಊಹಿಸಿ, ತಡಮಾಡದೆ ತಕ್ಕ ಮರುನುಡಿ ಕೊಡುವುದೇ ಸ್ಪಂದನಶೀಲ ಆರೈಕೆ. ಇಲ್ಲಿ ಮೊದಲ ನಡೆ ಮಗುವಿನದು, ಎರಡನೆಯದು ದೊಡ್ಡವರದು, ಮೂರನೆಯದು ಮತ್ತೆ ಮಗುವಿನದು. ಈ ಕೊಡು-ಕೊಳ್ಳುವಿಕೆ ಎಷ್ಟು ಸಲ ಹಿಂದಕ್ಕೂ ಮುಂದಕ್ಕೂ ಸಾಗುತ್ತದೆಯೋ ಅಷ್ಟು ಸಲ ಮಗುವಿಗೆ ತನ್ನ ನಡೆಗೆ ಲೋಕವು ಓಗೊಡುತ್ತದೆ ಎಂಬ ಭರವಸೆ ಹುಟ್ಟುತ್ತದೆ, ಕಲಿಯುವ ಆಸೆ ಆ ಭರವಸೆಯಿಂದ ಬೆಳೆಯುತ್ತದೆ.

ಇದು ಕೇವಲ ಭಾವನೆಯ ಮಾತಲ್ಲ ಎಂಬುದಕ್ಕೆ ಜಮೈಕಾ ದೇಶದ ರಾಜಧಾನಿ ಕಿಂಗ್‌ಸ್ಟನ್ನಿನ ಬಡ ಬಡಾವಣೆಗಳಲ್ಲಿ ನಡೆದ ಅಧ್ಯಯನವೊಂದು ಸಾಕ್ಷಿಯಾಗಿದೆ. ಸ್ಯಾಲಿ ಗ್ರಂಥಮ್-ಮೆಕ್‌ಗ್ರೆಗರ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಕೈಗೊಂಡು 1991ರಲ್ಲಿ ಪ್ರಕಟಿಸಿದ ಆ ಅಧ್ಯಯನದಲ್ಲಿ, ವಯಸ್ಸಿಗೆ ತಕ್ಕ ಎತ್ತರ ಬೆಳೆಯದಿದ್ದ, 9ರಿಂದ 24 ತಿಂಗಳ ವಯಸ್ಸಿನ 129 ಮಕ್ಕಳಿದ್ದರು. ಕೆಲವರಿಗೆ ಪೂರಕ ಆಹಾರ ದೊರೆಯಿತು, ಕೆಲವರ ಮನೆಗೆ ಸ್ಥಳೀಯ ಆರೋಗ್ಯ ಸಹಾಯಕಿಯರು ವಾರಕ್ಕೊಮ್ಮೆ ಹೋಗಿ ಒಂದು ಗಂಟೆ ಕುಳಿತು, ಮಗುವಿನೊಂದಿಗೆ ಹೇಗೆ ಆಡಬೇಕೆಂಬುದನ್ನು ತಾಯಿಗೆ ತೋರಿಸಿಕೊಟ್ಟರು, ಕೆಲವರಿಗೆ ಎರಡೂ ದೊರೆತವು, ಇನ್ನು ಕೆಲವರಿಗೆ ಎರಡೂ ಇರಲಿಲ್ಲ. ಬಳಸಿದ ಆಟಿಕೆಗಳು ಮನೆಯಲ್ಲಿ ಬಿಸಾಡುವ ಸಾಮಾನುಗಳಿಂದ ಮಾಡಿದವು. ಎರಡು ವರ್ಷ ಹೀಗೆ ನಡೆದ ಈ ಭೇಟಿಗಳ ಫಲ ಎರಡು ದಶಕಗಳ ನಂತರವೂ ಕಾಣಿಸಿತು: ಆಟದ ಭೇಟಿ ಪಡೆದಿದ್ದ ಮಕ್ಕಳು 22 ವರ್ಷದವರಾದಾಗ, ಪಡೆಯದಿದ್ದವರಿಗಿಂತ ಅವರ ಗಳಿಕೆ ಶೇ. 25ರಷ್ಟು ಹೆಚ್ಚಾಗಿತ್ತು ಎಂದು 2014ರಲ್ಲಿ ಪ್ರಕಟವಾದ ವರದಿ ತಿಳಿಸಿತು. ಅಲ್ಲಿ ಮಗುವಿನ ಬಾಳನ್ನು ತಿದ್ದಿದ್ದು ಆಟಿಕೆಯ ಬೆಲೆಯಲ್ಲ, ತಾಯಿಯ ಕೈಗೆ ಬಂದ ಆಡಿಸುವ ರೀತಿ.

ಆಟಗಳಲ್ಲಿ ಮೊದಲು ಹೇಳಬೇಕಾದದ್ದು ಅಡಗಿಸಿ ಹುಡುಕುವ ಆಟ. ಅಜ್ಜಿಯು ಸೆರಗಿನಿಂದ ಮುಖ ಮುಚ್ಚಿಕೊಂಡು, ಒಂದು ಕ್ಷಣ ತಡೆದು, ಸೆರಗು ಸರಿಸಿ ನಗುವ ಆಟ ಪ್ರತಿಯೊಂದು ಮನೆಗೂ ಗೊತ್ತು. ಸ್ವಿಸ್ ಮನೋವಿಜ್ಞಾನಿ ಜೀನ್ ಪಿಯಾಜೆ (1896–1980) ‘ವಸ್ತುವಿನ ಸ್ಥಿರತೆ’ ಎಂದು ಕರೆದ ಅರಿವು, ಅಂದರೆ ಕಣ್ಣಿಗೆ ಮರೆಯಾದ ವಸ್ತು ಇಲ್ಲವಾಗುವುದಿಲ್ಲ ಎಂಬ ಅರಿವು, ಈ ಆಟದ ತಿರುಳು. ಒಂದು ವರ್ಷ ದಾಟಿದ ಮಗುವಿಗೆ ಇದನ್ನೇ ಸ್ವಲ್ಪ ಬೆಳೆಸಬಹುದು. ಮಗು ನೋಡುತ್ತಿರುವಂತೆಯೇ ಒಂದು ಆಲೂಗಡ್ಡೆಯನ್ನು ಬಟ್ಟಲಿನ ಕೆಳಗೆ ಇಟ್ಟು, ಎಲ್ಲಿ ಹೋಯಿತೆಂದು ಕೇಳಿ ಸುಮ್ಮನಿರಬೇಕು. ಮಗು ಬಟ್ಟಲನ್ನು ಎತ್ತಿ ಹಿಗ್ಗುವುದನ್ನು ಕಲಿತ ಮೇಲೆ ಎರಡು ಬಟ್ಟಲುಗಳನ್ನು ಬೋರಲು ಹಾಕಿ, ಒಮ್ಮೆ ಈ ಬಟ್ಟಲಿನ ಕೆಳಗೆ, ಮತ್ತೊಮ್ಮೆ ಆ ಬಟ್ಟಲಿನ ಕೆಳಗೆ ಅಡಗಿಸಬೇಕು. ಚಿಕ್ಕ ಮಗು ಮೊದಲು ಸಿಕ್ಕ ಕಡೆಯಲ್ಲೇ ಮತ್ತೆ ಹುಡುಕುವುದುಂಟು. ಅದು ದಡ್ಡತನವಲ್ಲ, ಹಳೆಯ ನೆನಪನ್ನು ಬದಿಗಿಟ್ಟು ಈಗ ಕಂಡದ್ದನ್ನು ನಂಬುವ ಶಕ್ತಿ ಇನ್ನೂ ಬಲಿಯುತ್ತಿದೆ ಎಂಬುದರ ಗುರುತು. ಮನೋವಿಜ್ಞಾನಿ ಜೆರೋಮ್ ಬ್ರೂನರ್ 1970ರ ದಶಕದಲ್ಲಿ ಈ ಮುಖ ಮುಚ್ಚುವ ಆಟವನ್ನು ಅಭ್ಯಾಸ ಮಾಡಿ, ಇದರಲ್ಲಿ ಮಗು ನಿಯಮವನ್ನೂ ಸರದಿಯನ್ನೂ ಕಲಿಯುತ್ತದೆ ಎಂದು ತೋರಿಸಿದರು. ಮೊದಲು ಅಡಗುವವರು ದೊಡ್ಡವರು, ಸ್ವಲ್ಪ ಕಾಲದ ನಂತರ ತಾನೇ ಸೆರಗನ್ನು ಎಳೆದುಕೊಂಡು ಅಡಗುವುದು ಮಗು. ಸರದಿ ಬದಲಾದ ಆ ಗಳಿಗೆಯೇ ಆಟದ ಗೆಲುವು.

ಎರಡನೆಯದು ತುಂಬುವ, ಸುರಿಯುವ, ಮುಚ್ಚುವ ಆಟ. ಅಡುಗೆಮನೆಯ ನೆಲದ ಮೇಲೆ ಬೇರೆ ಬೇರೆ ಅಳತೆಯ ಮೂರು ಸ್ಟೀಲ್ ಡಬ್ಬಿಗಳನ್ನೂ ಅವುಗಳ ಮುಚ್ಚಳಗಳನ್ನೂ ಬಿಡಿಬಿಡಿಯಾಗಿ ಇಟ್ಟರೆ ಸಾಕು. ಒಂದೂವರೆ ವರ್ಷದ ಮಗು ದೊಡ್ಡ ಮುಚ್ಚಳವನ್ನು ಚಿಕ್ಕ ಡಬ್ಬಿಯ ಮೇಲೆ ಇಡುತ್ತದೆ. ಅದು ಸರಿದು ಠಣ್ಣನೆ ನೆಲಕ್ಕೆ ಬೀಳುತ್ತದೆ. ಮಗು ಮುಚ್ಚಳವನ್ನು ತಿರುವಿ ನೋಡುತ್ತದೆ, ಬಾಯಿಗಿಟ್ಟು ನೋಡುತ್ತದೆ, ಅದೇ ಡಬ್ಬಿಯ ಮೇಲೆ ಅಂಗೈಯಿಂದ ಒತ್ತುತ್ತದೆ, ಮತ್ತೆ ಬೀಳಿಸುತ್ತದೆ. ಪಕ್ಕದಲ್ಲಿ ಕುಳಿತವರ ಕೈ ಈ ಹೊತ್ತಿಗೆ ತಾನಾಗಿಯೇ ಮುಂದೆ ಹೋಗುತ್ತದೆ, ಸರಿಯಾದ ಮುಚ್ಚಳವನ್ನು ಹಾಕಿ ತೋರಿಸಿಬಿಡುವ ಆತುರ ಹುಟ್ಟುತ್ತದೆ. ಆ ಕೈಯನ್ನು ತಡೆದುಕೊಳ್ಳುವುದೇ ಈ ಆಟದಲ್ಲಿ ದೊಡ್ಡವರ ಪಾಲಿನ ಕೆಲಸ. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುವಷ್ಟು ಹೊತ್ತು ಕಾದ ಮೇಲೂ ಮಗು ಕೈಚೆಲ್ಲಿ ಅತ್ತ ತಿರುಗಿದರೆ, ತಕ್ಕ ಡಬ್ಬಿಯನ್ನು ಒಂದು ಗೇಣು ಹತ್ತಿರಕ್ಕೆ ಸರಿಸಬೇಕೇ ಹೊರತು ಮುಚ್ಚಳವನ್ನು ಮುಚ್ಚಿ ಕೊಡಬಾರದು. ಡೇವಿಡ್ ವುಡ್, ಬ್ರೂನರ್ ಮತ್ತು ಗೇಲ್ ರಾಸ್ 1976ರಲ್ಲಿ ಇಂಥ ಅಳತೆಯ ನೆರವಿಗೆ ‘ಸಾರುವೆ’ಯ ಹೋಲಿಕೆಯನ್ನು ಕೊಟ್ಟರು, ಗೋಡೆ ಏಳುವಾಗ ಕಟ್ಟಿ, ಗೋಡೆ ನಿಂತ ಮೇಲೆ ಬಿಚ್ಚುವ ಮರದ ಆಸರೆಯಂತೆ, ಮಗುವಿಗೆ ಬೇಕಾದಷ್ಟೇ ಒತ್ತಾಸೆ ಕೊಟ್ಟು, ಬೇಡವಾದ ಕೂಡಲೇ ಹಿಂದೆ ಸರಿಯುವುದು ಎಂದು ಅದರ ಅರ್ಥ. ದೊಡ್ಡದು-ಚಿಕ್ಕದು, ಹೊಂದುವುದು-ಹೊಂದದಿರುವುದು ಎಂಬ ಗಣಿತದ ಮೊದಲ ಪಾಠ ಈ ಡಬ್ಬಿಗಳಲ್ಲೇ ಇದೆ.

ಇದೇ ಪಾಠವನ್ನು ಬಳೆಯಂಥ ಉಂಗುರಗಳನ್ನು ಕಂಬಕ್ಕೆ ಪೋಣಿಸುವ ಚನ್ನಪಟ್ಟಣದ ಆಟಿಕೆಯೂ ಕಲಿಸುತ್ತದೆ. ಹಗುರವಾದ ಆಲೆ ಮರವನ್ನು ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಹಚ್ಚಿ, ತಾಳೆಗರಿಯಿಂದ ಉಜ್ಜಿ ಹೊಳಪು ತರುವ ಆ ಕುಶಲಕರ್ಮಿಗಳ ಕೆಲಸಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಇದೆ. ಕೊಳ್ಳುವುದೇ ಆದರೆ ಒಂದೇ ರೀತಿಯಲ್ಲಿ ಅಲ್ಲ, ಹತ್ತು ರೀತಿಯಲ್ಲಿ ಆಡಬಹುದಾದ ಇಂಥ ಆಟಿಕೆಯನ್ನು ಕೊಳ್ಳುವುದು ಒಳ್ಳೆಯದು. ಗುಂಡಿ ಒತ್ತಿದರೆ ತಾನೇ ಹಾಡಿ ಕುಣಿಯುವ ಆಟಿಕೆಯಲ್ಲಿ ಮಗುವಿಗೆ ಮಾಡಲು ಉಳಿಯುವ ಕೆಲಸ ಬಹಳ ಕಡಿಮೆ.

ಮೂರನೆಯದು ಮಾತಿನ ಆಟ. ಮೊದಲ ಹುಟ್ಟುಹಬ್ಬದ ಆಸುಪಾಸಿನಲ್ಲಿ ಮಗು ಬೆರಳು ಚಾಚಿ ತೋರಿಸಲು ಕಲಿಯುತ್ತದೆ. ತೋರಿಸಿದ ವಸ್ತುವನ್ನು ನೋಡಿ, ಮತ್ತೆ ದೊಡ್ಡವರ ಮುಖವನ್ನು ನೋಡಿ, ಇಬ್ಬರೂ ಒಂದನ್ನೇ ನೋಡುತ್ತಿದ್ದೇವೆಂದು ಖಚಿತಪಡಿಸಿಕೊಳ್ಳುವ ಈ ಸಾಮರ್ಥ್ಯವನ್ನು ‘ಜಂಟಿ ಗಮನ’ ಎನ್ನುತ್ತಾರೆ, ಪದಗಳ ಕಲಿಕೆ ಇದರ ಮೇಲೆ ನಿಂತಿದೆ. ಅಂಗಳದಲ್ಲಿ ನಿಂತು ಚಂದಮಾಮನನ್ನು ತೋರಿಸುತ್ತ ತುತ್ತು ತಿನ್ನಿಸುವ ಹಳೆಯ ರೂಢಿಯಲ್ಲಿ ಜಂಟಿ ಗಮನದ ಸಂಪೂರ್ಣ ಅಭ್ಯಾಸವಿತ್ತು. ಮಗು ತೋರಿಸಿದ್ದಕ್ಕೆ ಹೆಸರು ಕೊಟ್ಟು, ಒಂದು ಮಾತು ಸೇರಿಸಿ, ತಡೆಯಬೇಕು. ಮಗು ‘ಕಾಕಾ’ ಎಂದರೆ, “ಹೌದು, ಕಪ್ಪು ಕಾಗೆ, ಹಾರಿಹೋಯ್ತು” ಎಂದು ಹೇಳಿ ಸುಮ್ಮನಾದರೆ ಮುಂದಿನ ಮಾತು ಮಗುವಿನಿಂದ ಬರುತ್ತದೆ.

ಈ ಆಟಕ್ಕೆ ಕನ್ನಡದಲ್ಲೇ ಸಿದ್ಧವಾದ ಸಾಮಗ್ರಿ ಹೇರಳವಾಗಿದೆ. ವ್ಯಾಕರಣವು ‘ಅನುಕರಣಾವ್ಯಯ’ ಎಂದು ಕರೆಯುವ, ಕೇಳಿದ ಸದ್ದನ್ನೇ ಪದವಾಗಿಸಿದ ಪಟಪಟ, ದಡದಡ, ಗಳಗಳ, ಚಟಚಟದಂಥ ನುಡಿಗಳಲ್ಲಿ ಪದ ಮತ್ತು ಅರ್ಥದ ನಡುವಿನ ದೂರ ತೀರ ಕಡಿಮೆ; ಆದ್ದರಿಂದ ತೊದಲುವ ಬಾಯಿಗೂ ಅವು ಬೇಗ ಒಗ್ಗುತ್ತವೆ. ಮಳೆ ಬೀಳುವಾಗ, ಒಗ್ಗರಣೆ ಸಿಡಿಯುವಾಗ, ಬಿಂದಿಗೆ ತುಂಬುವಾಗ ಆಯಾ ಸದ್ದಿನ ಪದವನ್ನು ಹೇಳಿ, ಮರುದಿನ ಅದೇ ಹೊತ್ತಿಗೆ ಅರ್ಧ ಹೇಳಿ ನಿಲ್ಲಿಸಿದರೆ ಉಳಿದರ್ಧವನ್ನು ಮಗು ತುಂಬಲು ಯತ್ನಿಸುತ್ತದೆ. ತಟ್ಟೆಗಿಟ್ಟೆ, ಹಾಲುಗೀಲು ಎಂಬ ಜೋಡಿಗಳಲ್ಲಿ ಮೊದಲ ಅಕ್ಷರ ಬದಲಾಗಿ ಉಳಿದದ್ದು ಹಾಗೆಯೇ ಇರುತ್ತದೆ. ಸದ್ದುಗಳನ್ನು ಬಿಡಿಸಿ ಕೇಳುವ ಈ ಕಿವಿಯೇ ಮುಂದೆ ಅಕ್ಷರ ಕಲಿಯುವಾಗ ನೆರವಿಗೆ ಬರುತ್ತದೆ. ಎರಡು ವರ್ಷದ ಹೊತ್ತಿಗೆ ಮಕ್ಕಳು ಸಾಮಾನ್ಯವಾಗಿ ಎರಡು ಪದಗಳನ್ನು ಜೋಡಿಸಿ ಮಾತನಾಡುವುದರಿಂದ, “ಚಮಚ ಲೋಟದ ಒಳಗೆ, ಬೊಂಬೆ ಮಣೆಯ ಮೇಲೆ, ಚೆಂಡು ಬಾಗಿಲ ಹಿಂದೆ” ಎಂದು ವಸ್ತುಗಳನ್ನು ಇಡಿಸುವ, ತರಿಸುವ ಆಟ ಆ ವಯಸ್ಸಿಗೆ ಹೊಂದುತ್ತದೆ. ಮನೆಮಾತು ತುಳು, ಕೊಂಕಣಿ, ಉರ್ದು, ಕೊಡವ ಅಥವಾ ತೆಲುಗು ಆಗಿರುವವರು ಆ ಮಾತಿನಲ್ಲೇ ಈ ಆಟಗಳನ್ನು ಆಡಬೇಕು. ಒಂದಕ್ಕಿಂತ ಹೆಚ್ಚು ಭಾಷೆಗಳು ಕಿವಿಗೆ ಬಿದ್ದರೆ ಮಗು ಗೊಂದಲಕ್ಕೆ ಬೀಳುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಹೊರದೇಶದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಕನ್ನಡ ಕುಟುಂಬಗಳಿಗೂ ಈ ಮಾತು ಅನ್ವಯಿಸುತ್ತದೆ.

ನಾಲ್ಕನೆಯದು ಮೈಯಾಟ. ಒಂದು ಮತ್ತು ಎರಡು ವರ್ಷದ ಮಕ್ಕಳು ದಿನದಲ್ಲಿ ಒಟ್ಟು 180 ನಿಮಿಷಗಳಾದರೂ ಬಗೆಬಗೆಯ ಓಡಾಟದಲ್ಲಿ ತೊಡಗಿರಬೇಕು, ತಳ್ಳುಗಾಡಿಯಲ್ಲೋ ಕುರ್ಚಿಯಲ್ಲೋ ಒಂದೇ ಸಮನೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಕಟ್ಟಿ ಕೂರಿಸಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ ಹೇಳುತ್ತದೆ. ಬೆನ್ನಮೇಲೆ ಹೊತ್ತು ತಿರುಗುವ ಕೂಸುಮರಿ, ದಿಂಬುಗಳ ಗುಡ್ಡ ಹತ್ತಿ ಇಳಿಯುವುದು, ಅಂಗಳದಲ್ಲಿ ಎಳೆದ ರಂಗೋಲಿಯ ಗೆರೆಯ ಮೇಲೆ ಹೆಜ್ಜೆ ಇಡುವುದು ಇದಕ್ಕೆ ಸಾಕು. ಎರಡು ವರ್ಷ ದಾಟಿದವರಿಗೆ ತಟ್ಟೆ ಬಾರಿಸುವಷ್ಟು ಹೊತ್ತು ಓಡಿ, ಸದ್ದು ನಿಂತೊಡನೆ ನಿಲ್ಲುವ ಆಟವನ್ನು ಕಲಿಸಬಹುದು. ಓಡುವ ಆಸೆಯನ್ನು ತಡೆದು ನಿಲ್ಲುವುದು ಸ್ವನಿಯಂತ್ರಣದ, ಅಂದರೆ ತನ್ನ ಮನಸ್ಸಿನ ಲಗಾಮನ್ನು ತಾನೇ ಹಿಡಿಯುವ ಗುಣದ ಎಳೆಯ ಅಭ್ಯಾಸ. ತಟ್ಟೆ ಬಾರಿಸುವ ಅಧಿಕಾರವನ್ನು ಮಗುವಿಗೆ ಕೊಟ್ಟು ತಾತನೇ ಓಡಿ ನಿಂತರೆ ಆಟಕ್ಕೆ ಇಮ್ಮಡಿ ಕಳೆ ಬರುತ್ತದೆ.

ಐದನೆಯದು ‘ಅಂದುಕೊಳ್ಳುವ’ ಆಟ. ಸುಮಾರು ಒಂದೂವರೆ ವರ್ಷದಿಂದ ಮಗು ಖಾಲಿ ಲೋಟದಿಂದ ಕಾಫಿ ಕುಡಿಯುತ್ತದೆ, ಬೊಂಬೆಯನ್ನು ಪಂಚೆಯ ತೊಟ್ಟಿಲಲ್ಲಿ ತೂಗುತ್ತದೆ, ಸೌಟನ್ನು ಕಿವಿಗಿಟ್ಟು ಮಾತನಾಡುತ್ತದೆ. ಒಂದು ವಸ್ತು ಇನ್ನೊಂದನ್ನು ಪ್ರತಿನಿಧಿಸಬಲ್ಲದು ಎಂಬ ಅರಿವಿನಿಂದ ಹುಟ್ಟುವ ಇದನ್ನು ಸಾಂಕೇತಿಕ ಆಟವೆಂದು ಕರೆಯುತ್ತಾರೆ. ಕೋಲೊಂದು ಕುದುರೆಯಾಗುವಾಗ ಮಗುವಿನ ಮನಸ್ಸು ವಸ್ತುವಿನಿಂದ ಅರ್ಥವನ್ನು ಬೇರ್ಪಡಿಸಲು ಕಲಿಯುತ್ತದೆ ಎಂದು ರಷ್ಯಾದ ಮನೋವಿಜ್ಞಾನಿ ಲೆವ್ ವೈಗಾಟ್ಸ್ಕಿ (1896–1934) ವಿವರಿಸಿದರು. ಬರಹವೂ ಅಂಥದೇ ಅಲ್ಲವೇ: ‘ಅ’ ಎಂಬ ಗೆರೆ ಒಂದು ಸದ್ದಿನ ಬದಲಿಗೆ ನಿಂತಿದೆ. ಆದ್ದರಿಂದ ಎರಡು ವರ್ಷದ ಮಗುವಿಗೆ ಸ್ಲೇಟು ಹಿಡಿಸುವುದಕ್ಕಿಂತ, ಅದು ಬಡಿಸಿದ ಇಲ್ಲದ ಅನ್ನವನ್ನು ಉಂಡು, “ಉಪ್ಪು ಕಡಿಮೆಯಾಯ್ತಲ್ಲ ಕಂದಾ” ಎಂದು ಹೇಳುವುದು ಅಕ್ಷರಾಭ್ಯಾಸಕ್ಕೆ ಹೆಚ್ಚು ಹತ್ತಿರದ ದಾರಿ.

ಈ ಎಲ್ಲ ಆಟಗಳಿಗೂ ಒಂದು ಎಚ್ಚರಿಕೆ ಸಮಾನವಾಗಿ ಸಲ್ಲುತ್ತದೆ. ಈ ವಯಸ್ಸಿನವರು ಪ್ರತಿಯೊಂದನ್ನೂ ಬಾಯಿಗಿಟ್ಟು ತಿಳಿಯುವುದರಿಂದ, ಸುಮಾರು 3 ಸೆಂಟಿಮೀಟರ್‌ಗಿಂತ ಚಿಕ್ಕದಾದ ಯಾವ ವಸ್ತುವನ್ನೂ ಆಟಕ್ಕೆ ಕೊಡಬಾರದು. ಕಡಲೆಬೀಜ, ಹುಣಸೆಬೀಜ, ಗೋಲಿ, ನಾಣ್ಯ, ಬಲೂನಿನ ಚೂರುಗಳು ಶ್ವಾಸನಾಳವನ್ನು ಕಟ್ಟಬಲ್ಲವು; ಕೈಗಡಿಯಾರ, ರಿಮೋಟ್‌ಗಳಲ್ಲಿರುವ ಗುಂಡಿಯಾಕಾರದ ಬ್ಯಾಟರಿ ನುಂಗಿದರೆ ಕೆಲವೇ ಗಂಟೆಗಳಲ್ಲಿ ಅನ್ನನಾಳವನ್ನು ಸುಡುತ್ತದೆ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ನೀರಿನಾಟದಲ್ಲಿ ಬಕೆಟ್ಟಿನ ಅರ್ಧ ನೀರೂ ಅಪಾಯಕಾರಿಯಾದ್ದರಿಂದ ದೊಡ್ಡವರು ಎದ್ದು ಹೋಗುವ ಮುನ್ನ ಅದನ್ನು ಚೆಲ್ಲಬೇಕು. ಭಾರತದಲ್ಲಿ ಮಾರಾಟವಾಗುವ ಬಹುಪಾಲು ಆಟಿಕೆಗಳಿಗೆ 2021ರ ಜನವರಿ 1ರಿಂದ ಐ.ಎಸ್.ಐ. ಗುರುತು ಕಡ್ಡಾಯವಾಗಿರುವುದರಿಂದ, ಕೊಳ್ಳುವಾಗ ಅದನ್ನು ನೋಡಿ ಕೊಳ್ಳಬೇಕು.

ಮೊಬೈಲ್ ಪರದೆಯ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಂದು ವರ್ಷದವರಿಗೆ ಅದು ಬೇಡವೇ ಬೇಡ, ಎರಡು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ಹೇಳಿದೆ. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯೂ ಎರಡು ವರ್ಷದೊಳಗೆ ಪರದೆ ಬೇಡವೆನ್ನುತ್ತದೆ. ಇದಕ್ಕೆ ಕಾರಣ ಕಣ್ಣಿನ ಆಯಾಸವೊಂದೇ ಅಲ್ಲ. ಪರದೆಯ ಹಾಡು ಮಗು ನೋಡಿದರೂ ನೋಡದಿದ್ದರೂ ಮುಂದುವರಿಯುತ್ತದೆ, ಮಗು ಕೇಳಿದ್ದಕ್ಕೆ ಉತ್ತರಿಸುವುದಿಲ್ಲ, ಅದರ ಸರದಿಗೆ ಕಾಯುವುದಿಲ್ಲ. ಮನೆಗೆಲಸ, ಹೊರಗಿನ ದುಡಿಮೆ, ಸಹಾಯಕ್ಕೆ ಯಾರೂ ಇಲ್ಲದ ಚಿಕ್ಕ ಸಂಸಾರ, ಇವುಗಳ ನಡುವೆ ಊಟದ ಹೊತ್ತಿಗೆ ಫೋನು ಹಿಡಿಸುವ ತಾಯಿಯನ್ನು ದೂಷಿಸುವುದು ಅನ್ಯಾಯ. ಈ ಹೊರೆಯನ್ನು ಹಂಚಿಕೊಳ್ಳಬೇಕಾದವರು ಮನೆಯ ಗಂಡಸರು. ಸಂಜೆ ಕೆಲಸದಿಂದ ಬಂದ ತಂದೆ ಒಂದು ತುತ್ತು ತಿನ್ನಿಸಿ, ಅಗಿದು ನುಂಗುವವರೆಗೆ ಕಿಟಕಿಯ ಹೊರಗಿನ ಅಳಿಲನ್ನೋ ಬಸ್ಸನ್ನೋ ತೋರಿಸುತ್ತ ಕೂತರೆ ತಾಯಿಗೂ ಬಿಡುವು, ಮಗುವಿಗೂ ಆಟ.

ಸರ್ಕಾರದ ವ್ಯವಸ್ಥೆಯೂ ಈ ದಿಕ್ಕಿನಲ್ಲಿ ತಡವಾಗಿಯಾದರೂ ಹೆಜ್ಜೆ ಇಟ್ಟಿದೆ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಆರಂಭವಾದಾಗ ಕರ್ನಾಟಕದಲ್ಲಿ ಅದು ಮೊದಲು ಬಂದದ್ದು ತಿ. ನರಸೀಪುರಕ್ಕೆ. ಅಂದಿನಿಂದ ಅಂಗನವಾಡಿಗಳ ಆಟ-ಪಾಠ ಮುಖ್ಯವಾಗಿ ಮೂರರಿಂದ ಆರು ವರ್ಷದವರಿಗಿದ್ದು, ಮೂರರ ಕೆಳಗಿನವರಿಗೆ ದೊರೆಯುತ್ತಿದ್ದುದು ಹೆಚ್ಚಾಗಿ ಆಹಾರ ಮತ್ತು ಆರೋಗ್ಯದ ಸೇವೆ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2024ರಲ್ಲಿ ಹೊರತಂದ ‘ನವಚೇತನ’ ಎಂಬ ಚೌಕಟ್ಟು ಹುಟ್ಟಿನಿಂದ ಮೂರು ವರ್ಷದವರೆಗಿನ ಮಕ್ಕಳೊಡನೆ ಮನೆಯಲ್ಲೂ ಅಂಗನವಾಡಿಯಲ್ಲೂ ಆಡಬಹುದಾದ ಚಟುವಟಿಕೆಗಳನ್ನು ವಯಸ್ಸಿಗೆ ತಕ್ಕಂತೆ ಜೋಡಿಸಿ ಕೊಟ್ಟಿದೆ. ಮನೆ ಭೇಟಿಗೆ ಬರುವ ಅಂಗನವಾಡಿ ಟೀಚರ್ ಬಳಿ ತೂಕದ ಜೊತೆಗೆ ಆಟವನ್ನೂ ಕೇಳಿ ಕಲಿಯುವುದು ಪ್ರತಿಯೊಂದು ಮನೆಯವರ ಹಕ್ಕು. ಉದ್ಯೋಗ ಖಾತ್ರಿಯ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ತೆರೆದಿರುವ ಕೂಸಿನ ಮನೆಗಳಲ್ಲಿ, ಮಗುವನ್ನು ಮಲಗಿಸಿ ಎಬ್ಬಿಸುವ ನಡುವಿನ ಹೊತ್ತೇ ಈ ಆಟಗಳ ಹೊತ್ತು. ಹೆಸರು ಹಿಡಿದು ಕರೆದರೂ ಮಗು ತಿರುಗದಿದ್ದರೆ, ಒಂದೂವರೆ ವರ್ಷವಾದರೂ ಬೆರಳು ಚಾಚಿ ತೋರಿಸದಿದ್ದರೆ, ಕಲಿತ ಮಾತುಗಳನ್ನು ಕಳೆದುಕೊಳ್ಳುತ್ತಿದ್ದರೆ, ಆಟದಲ್ಲಿ ಮೊದಲು ಗಮನಿಸುವವರು ಮಗುವನ್ನು ಆಡಿಸುವ ಆರೈಕೆದಾರರೇ ಆಗಿರುತ್ತಾರೆ; ಆಗ ‘ನಿಧಾನವಾಗಿ ಬರುತ್ತದೆ’ ಎಂದು ಸುಮ್ಮನಿರದೆ ಮಕ್ಕಳ ವೈದ್ಯರಿಗೆ ತೋರಿಸಬೇಕು.

ಈ ಪತ್ರದ ಕೋರಿಕೆ ಚಿಕ್ಕದು. ಇದಕ್ಕಾಗಿ ದಿನಚರಿಯಲ್ಲಿ ಪ್ರತ್ಯೇಕ ತರಗತಿಯನ್ನು ಹುಡುಕಬೇಕಾಗಿಲ್ಲ. ಸ್ನಾನ, ಊಟ, ಒಗೆದ ಬಟ್ಟೆ ಮಡಚುವುದು, ಸೊಪ್ಪು ಬಿಡಿಸುವುದು, ಇವುಗಳಲ್ಲಿ ಯಾವುದಾದರೂ ಒಂದನ್ನು ದಿನವೂ ಮಗುವಿನ ಜೊತೆಯಲ್ಲಿ, ಮಗುವಿನ ವೇಗದಲ್ಲಿ ಮಾಡಿದರೆ ಸಾಕು. ಸೊಪ್ಪು ಬಿಡಿಸಲು ಎರಡರಷ್ಟು ಹೊತ್ತು ಹಿಡಿಯುತ್ತದೆ, ನೆಲವೂ ಗಲೀಜಾಗುತ್ತದೆ. ಆದರೆ ಹತ್ತನೆಯ ಸಲವೋ ಇಪ್ಪತ್ತನೆಯ ಸಲವೋ ಆ ಪುಟ್ಟ ಕೈ ಸರಿಯಾದ ಮುಚ್ಚಳವನ್ನು ಸರಿಯಾದ ಡಬ್ಬಿಯ ಮೇಲೆ ಒತ್ತಿ ಕೂರಿಸಿದಾಗ, ಮಗು ಮೊದಲು ನೋಡುವುದು ಡಬ್ಬಿಯನ್ನಲ್ಲ, ಪಕ್ಕದಲ್ಲಿ ಕುಳಿತವರ ಮುಖವನ್ನು. ಆ ಹೊತ್ತಿಗೆ ಅಲ್ಲಿ ತಾವು ಇರಬೇಕು ಎಂಬುದೇ ವಿನಂತಿ.

ಇತಿ,
ಎಳೆಯ ಮಕ್ಕಳ ಹಿತೈಷಿ